ಗಾಳಿ ಮಾರುವ ಆಟ ಬೇಡ: ಮಕ್ಕಳ ಜೊತೆ ಮೊಬೈಲಲ್ಲಿ ಬಾಹ್ಯಾಕಾಶ ನಿಲ್ದಾಣ ಕಟ್ಟುವುದು ಹೇಗೆ?

ಉಡುಪಿಯಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರಿಗೆ ಜುಲೈ ತಿಂಗಳ ಬೆಳಗು ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಎದ್ದ ಕೂಡಲೇ ಕಿಟಕಿಯ ಹೊರಗೆ ಮಳೆ ನೋಡುವುದಿಲ್ಲ, ವಾಟ್ಸ್ಯಾಪ್ ನೋಡುತ್ತೇವೆ. ರೆಡ್ ಅಲರ್ಟ್ ಇದ್ದು ಡಿಸಿ ರಜೆ ಕೊಟ್ಟರು ಅಂತಾದರೆ ಮಕ್ಕಳು ಮತ್ತೆ ಹೊದಿಕೆ ಎಳೆದುಕೊಳ್ಳುತ್ತಾರೆ. ಒಂಬತ್ತಕ್ಕೆ ಎದ್ದು ನೀರುದೋಸೆ ತಿಂದು ಮುಗಿಸುತ್ತಾರೆ. ಅಂಗಳಕ್ಕೆ ಇಳಿಯುವ ಹಾಗಿಲ್ಲ. ಆಮೇಲೆ ಶುರು: "ಅಮ್ಮ, ಫೋನ್ ಕೊಡಿ."

ನಮ್ಮ ಮನೆಗೆ ಬಾಹ್ಯಾಕಾಶ ನಿಲ್ದಾಣ ಬಂದದ್ದು ಇಂಥದ್ದೇ ಒಂದು ಮಳೆರಜೆಯಲ್ಲಿ. 2025ರ ಜೂನ್ 25ರಂದು ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟರು. ಜುಲೈ 15ಕ್ಕೆ ಭೂಮಿಗೆ ವಾಪಸಾದರು. ಆ ಮೂರು ವಾರ ನಮ್ಮ ಮಕ್ಕಳ ಬಾಯಲ್ಲಿ ಅದೇ ಮಾತು. ಮಗಳಿಗೆ ಹನ್ನೆರಡು, ಮಗನಿಗೆ ಎಂಟು. ಇಬ್ಬರೂ ಸೇರಿ ನಿಲ್ದಾಣ ಕಟ್ಟುವ ಆಟವೊಂದನ್ನು ಹುಡುಕಿ, ಡೌನ್‌ಲೋಡ್ ಮಾಡಿ, ಮಧ್ಯಾಹ್ನ ಊಟದ ಹೊತ್ತಿಗೆ ಜಗಳ ಮಾಡಿಕೊಂಡು ಕೂತಿದ್ದರು. ಅದಾದ ಮೇಲೆ ನಾನು ಇಂಥ ನಾಲ್ಕೈದು ಆಟಗಳನ್ನು ಆಡಿ ನೋಡಿದೆ. ಎರಡನ್ನು ಒಂದೇ ದಿನದಲ್ಲಿ ತೆಗೆದು ಹಾಕಿದೆ. ಒಂದು ಈಗಲೂ ಉಂಟು.

ಗೊತ್ತಿಲ್ಲದವರಿಗೆ ಆಟದ ಬಗ್ಗೆ ಎರಡು ಮಾತು. ಶುರುವಿನಲ್ಲಿ ಕಪ್ಪು ಆಕಾಶ, ನಡುವೆ ಡಬ್ಬಿಯಂಥ ಒಂದು ಕೋಣೆ, ಅಷ್ಟೆ. ಈ ಕೋಣೆಗೆ ಮಾಡ್ಯೂಲ್ ಅನ್ನುತ್ತಾರೆ. ಅದಕ್ಕೆ ಸೋಲಾರ್ ಪ್ಯಾನೆಲ್, ಗಾಳಿ ತಯಾರಿಸುವ ಯಂತ್ರ, ನೀರಿನ ಟ್ಯಾಂಕ್, ಮಲಗುವ ಕೋಣೆ, ಲ್ಯಾಬ್ ಎಲ್ಲ ಒಂದೊಂದಾಗಿ ಜೋಡಿಸುತ್ತಾ ಹೋಗಬೇಕು. ಕರೆಂಟು, ಗಾಳಿ, ನೀರು, ಊಟ, ಹಣ ಎಲ್ಲದಕ್ಕೂ ಪರದೆಯ ಮೇಲೆ ಲೆಕ್ಕ ಬರುತ್ತದೆ. ಒಂದು ಕಡಿಮೆಯಾದರೆ ಇನ್ನೊಂದು ಕೈಕೊಡುತ್ತದೆ. ಗುಂಡು ಹಾರಿಸುವುದು ಇಲ್ಲ, ರಕ್ತ ಇಲ್ಲ. ಹಾಗಾಗಿ ನೋಡಿದ ಕೂಡಲೇ "ಒಳ್ಳೆ ಆಟ, ಮಕ್ಕಳು ಆಡಲಿ" ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು.

ಆದರೆ ಇದರಲ್ಲಿ ಎರಡು ಜಾತಿ ಉಂಟು. ಒಂದರಲ್ಲಿ ನಿಮ್ಮ ಲೆಕ್ಕ ತಪ್ಪಿದರೆ ಗಾಳಿ ಖಾಲಿಯಾಗುತ್ತದೆ, ನಿಲ್ದಾಣ ಮುಚ್ಚಿಹೋಗುತ್ತದೆ, ಮೊದಲಿನಿಂದ ಕಟ್ಟಬೇಕು. ಇನ್ನೊಂದರಲ್ಲಿ ಗಾಳಿ ಖಾಲಿಯಾಗುವ ಹೊತ್ತಿಗೆ ಸರಿಯಾಗಿ ಒಂದು ಹಸಿರು ಬಟನ್ ಕಾಣಿಸುತ್ತದೆ: ಇಷ್ಟು ವಜ್ರ ಕೊಡಿ, ಗಾಳಿ ತುಂಬಿಸಿಕೊಳ್ಳಿ. ವಜ್ರ ಬೇಕಾದರೆ ರೂಪಾಯಿ ಕೊಡಬೇಕು. ಮೊದಲನೆಯದು ಮಕ್ಕಳಿಗೆ ಕೊಡಬಹುದಾದ ಆಟ. ಎರಡನೆಯದರ ಚಿತ್ರ ಎಷ್ಟು ಚಂದ ಇದ್ದರೂ ಬೇಡ. ಯಾವುದು ಯಾವ ಜಾತಿ ಅಂತ ಕಂಡುಹಿಡಿಯುವುದೇ ಅರ್ಧ ಕೆಲಸ.

1. ಡೌನ್‌ಲೋಡ್‌ಗೆ ಮೊದಲು ಪುಟ ಓದಿ

ಪ್ಲೇ ಸ್ಟೋರಿನಲ್ಲಿ ಆಟದ ಹೆಸರಿನ ಕೆಳಗೇ ಸಣ್ಣ ಅಕ್ಷರದಲ್ಲಿ ಎರಡು ವಿಷಯ ಬರೆದಿರುತ್ತಾರೆ. ಜಾಹೀರಾತು ಉಂಟೋ ಇಲ್ಲವೋ, ಆಟದ ಒಳಗೆ ಖರೀದಿ ಉಂಟೋ ಇಲ್ಲವೋ. ನಾವು ಸಾಮಾನ್ಯವಾಗಿ ನಕ್ಷತ್ರ ಎಷ್ಟು ಅಂತ ನೋಡಿ ಇದನ್ನು ದಾಟಿ ಹೋಗುತ್ತೇವೆ. ಪುಟದ ಕೊನೆಯ ಕಡೆ ಹೋದರೆ ಒಳಗಿನ ವಸ್ತುಗಳ ಬೆಲೆ ಎಷ್ಟರಿಂದ ಎಷ್ಟರವರೆಗೆ ಅಂತಲೂ ಇರುತ್ತದೆ. ಮಕ್ಕಳ ಆಟದಲ್ಲಿ ಒಂದು ವಸ್ತುವಿಗೆ ಸಾವಿರಗಟ್ಟಲೆ ರೂಪಾಯಿ ಅಂತ ಇದ್ದರೆ ಅಲ್ಲಿಂದಲೇ ಹಿಂದೆ ಬನ್ನಿ.

3+, 7+, 12+ ಅಂತ ವಯಸ್ಸಿನ ಗುರುತು ಇರುತ್ತದಲ್ಲ, ಅದನ್ನು ನಂಬಿ, ಆದರೆ ಪೂರ್ತಿ ಅಲ್ಲ. ಹೊಡೆದಾಟ, ಕೆಟ್ಟ ಮಾತು, ಹೆದರಿಸುವ ದೃಶ್ಯ ಇಂಥದ್ದಕ್ಕೆ ಅದು ಚೆನ್ನಾಗಿ ಉತ್ತರ ಕೊಡುತ್ತದೆ. ಆಟ ನಿಮ್ಮ ಮಗುವನ್ನು ಎಷ್ಟು ಹೊತ್ತು ಹಿಡಿದು ಕೂರಿಸುತ್ತದೆ, ಎಷ್ಟು ಸಲ ಹಣ ಕೇಳುತ್ತದೆ ಅನ್ನುವುದನ್ನು ಅದರಿಂದ ಅಳೆಯಲಾಗುವುದಿಲ್ಲ. ನಾನು ತೆಗೆದು ಹಾಕಿದ ಎರಡು ಆಟಕ್ಕೂ 3+ ಇತ್ತು!

2. ಒಂದು ರಾತ್ರಿ ನೀವೇ ಆಡಿ

ಇದಕ್ಕೆ ಬದಲಿ ದಾರಿ ಇಲ್ಲ. ಮಕ್ಕಳು ಮಲಗಿದ ಮೇಲೆ ಒಂದು ಗಂಟೆ ಸಾಕು. ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಆಟ ತೆರೆಯಿರಿ. ನೆಟ್ ಇಲ್ಲದೆಯೂ ಆಡಲು ಆದರೆ ಒಳ್ಳೆಯದು. ಜಾಹೀರಾತಿನ ಕಾಟ ಕಡಿಮೆ, ಗುರುತಿಲ್ಲದವರ ಜೊತೆ ಚಾಟ್ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ವೈಫೈ ಸತ್ತಾಗಲೂ ಆಟ ನಡೆಯುತ್ತದೆ. ಆಟ ತೆರೆಯುವುದೇ ಇಲ್ಲ ಅಂತಾದರೆ ಒಬ್ಬರೇ ಆಡುವ ಆಟಕ್ಕೆ ನೆಟ್ ಯಾಕೆ ಬೇಕು ಅಂತ ಯೋಚಿಸಿ.

ಆಮೇಲೆ ನೆಟ್ ಹಾಕಿ ಪುನಃ ಆಡಿ. ಈಗ ಗಡಿಯಾರ ಹುಡುಕಿ. "ಈ ಸೋಲಾರ್ ಪ್ಯಾನೆಲ್ ಕಟ್ಟಲು 6 ಗಂಟೆ" ಅಂತ ಬಂದು, ಪಕ್ಕದಲ್ಲೇ "ಈಗಲೇ ಮುಗಿಸಿ" ಅಂತ ವಜ್ರದ ಬಟನ್ ಇದ್ದರೆ ಅದು ಗಾಳಿ ಮಾರುವ ಜಾತಿ. ದೊಡ್ಡವರಾದ ನಮಗೆ ಆರು ಗಂಟೆ ಕಾಯುವುದು ದೊಡ್ಡದಲ್ಲ. ಎಂಟು ವರ್ಷದ ಮಗುವಿಗೆ ಆರು ಗಂಟೆ ಅಂದರೆ ಒಂದು ಯುಗ. ಅದು ಹೊತ್ತು ಹೊತ್ತಿಗೆ ಫೋನ್ ತೆರೆದು "ಆಯ್ತಾ, ಆಯ್ತಾ" ಅಂತ ನೋಡುತ್ತಲೇ ಇರುತ್ತದೆ. ಆಟ ಆಡದ ಹೊತ್ತಿನಲ್ಲೂ ತಲೆ ಅಲ್ಲೇ. ನನ್ನ ಪ್ರಕಾರ ಜಾಹೀರಾತಿಗಿಂತ ಈ ಗಡಿಯಾರ ಜಾಸ್ತಿ ತೊಂದರೆ.

ಹಾಗಂತ ಎಲ್ಲ ಕಾಯುವಿಕೆಯೂ ಕೆಟ್ಟದಲ್ಲ. ಆಟದೊಳಗೆ ಸಮಯವನ್ನು ಬೇಗ ಓಡಿಸುವ ಬಟನ್ ಇದ್ದು, ಅದಕ್ಕೆ ಹಣ ಕೇಳದಿದ್ದರೆ ತೊಂದರೆ ಇಲ್ಲ.

ಇನ್ನೊಂದು ವಿಷಯ. ಕಟ್ಟಿದ ನಿಲ್ದಾಣ ಎಲ್ಲಿ ಸೇವ್ ಆಗುತ್ತದೆ ಅಂತ ನೋಡಿಕೊಳ್ಳಿ. ಕೆಲವು ಆಟಗಳಲ್ಲಿ ಅದು ಆ ಫೋನಿನಲ್ಲಿ ಮಾತ್ರ ಇರುತ್ತದೆ. ಜಾಗ ಸಾಲದು ಅಂತ ಯಜಮಾನರು ಒಂದು ದಿನ ಆಟವನ್ನು ಅಳಿಸಿ ಪುನಃ ಹಾಕಿದರು. ಎರಡು ವಾರ ಕಟ್ಟಿದ್ದೆಲ್ಲ ಹೋಯಿತು. ಆ ಸಂಜೆಯ ಅಳು ನಾನು ಬರೆಯುವುದಿಲ್ಲ.

3. ದುಡ್ಡಿಗೆ ಬೀಗ

ನನ್ನ ತಪ್ಪು ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸಾಮಾನು ತೆಗೆದುಕೊಂಡಾಗ ಕೈಯಲ್ಲಿ ಚೀಲ ಇರುತ್ತದೆ, ಕೊಡೆ ಇರುತ್ತದೆ. "ಮಗಾ, ನಂಬರ್ ಒತ್ತು" ಅಂತ ಯುಪಿಐ ಪಿನ್ ಅವನ ಕೈಯಲ್ಲೇ ಒತ್ತಿಸುತ್ತಿದ್ದೆ. ಒಂದು ದಿನ ಬ್ಯಾಂಕ್ ಮೆಸೇಜ್ ನೋಡುವಾಗ 89 ರೂಪಾಯಿ ಮೂರು ಸಲ ಹೋಗಿದೆ. ಕೇಳಿದರೆ ಅವನಿಗೆ ಹೆದರಿಕೆ ಏನೂ ಇಲ್ಲ. "ಗಾಳಿ ಮುಗಿದಿತ್ತು ಅಮ್ಮ. ಒಳಗೆ ನಾಲ್ಕು ಜನ ಇದ್ದರು." ಬೈಯುವುದಾದರೂ ಹೇಗೆ ಹೇಳಿ!

ಆದ್ದರಿಂದ ಮೊದಲು ಪಿನ್ ಬದಲಿಸಿ. ಆಮೇಲೆ ಪ್ಲೇ ಸ್ಟೋರಿನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವ ಆಯ್ಕೆ ಅಲ್ಲಿದೆ. ಅದನ್ನು ಆನ್ ಮಾಡಿ. ಮಕ್ಕಳ ಬೆರಳಚ್ಚು ಫೋನಿನಲ್ಲಿ ಹಾಕಿಟ್ಟಿದ್ದರೆ ಅದನ್ನು ತೆಗೆಯಿರಿ, ಇಲ್ಲದಿದ್ದರೆ ಬೀಗ ಹಾಕಿ ಕೀಲಿ ಅವರ ಕೈಗೇ ಕೊಟ್ಟ ಹಾಗೆ. ಅಲ್ಲೇ ಇರುವ ಪೇರೆಂಟಲ್ ಕಂಟ್ರೋಲ್‌ನಿಂದ ವಯಸ್ಸಿಗೆ ಮೀರಿದ ಆಟ ಡೌನ್‌ಲೋಡ್ ಆಗದ ಹಾಗೆ ತಡೆಯಬಹುದು. ಐಫೋನ್ ಇರುವವರು ಸೆಟ್ಟಿಂಗ್ಸ್‌ನ ಸ್ಕ್ರೀನ್ ಟೈಮ್ ಒಳಗೆ ಹೋಗಿ ಇನ್-ಆ್ಯಪ್ ಪರ್ಚೇಸನ್ನು ಪೂರ್ತಿ ನಿಲ್ಲಿಸಬಹುದು. ಮಗುವಿಗೆ ಬೇರೆಯೇ ಫೋನ್ ಅಥವಾ ಟ್ಯಾಬ್ ಇದ್ದರೆ, ಅದನ್ನು ನಿಮ್ಮ ಫೋನಿನಿಂದಲೇ ನೋಡಿಕೊಳ್ಳುವ ಆ್ಯಪ್ ಗೂಗಲ್ ಫ್ಯಾಮಿಲಿ ಲಿಂಕ್ ಹಾಕಿ. ಅದು ಉಚಿತ.

ಅಷ್ಟರ ಮೇಲೂ ಹಣ ಹೋದರೆ? 48 ಗಂಟೆಯ ಒಳಗೆ ಗೊತ್ತಾದರೆ ಗೂಗಲ್ ಪ್ಲೇಯಲ್ಲೇ ರೀಫಂಡ್ ಕೇಳಬಹುದು. ಆಮೇಲೆ ಆಟ ಮಾಡಿದವರನ್ನೇ ಕೇಳಬೇಕು. ನಾನು ನೋಡುವಾಗ ಒಂದು ವಾರ ಕಳೆದಿತ್ತು. ಅವರಿಂದ ಉತ್ತರ ಬರಲಿಲ್ಲ, ನಾನೂ ಬಿಟ್ಟೆ.

4. ಮನುಷ್ಯರನ್ನು ಮೊದಲು ಕಳಿಸಬೇಡಿ

ಈಗ ಖುಷಿಯ ಕೆಲಸ. ಮಕ್ಕಳು ಒಬ್ಬರೇ ಆಡಿದರೆ ಮೊದಲು ಮಾಡುವುದು ಒಂದೇ: ಹಣ ಇದ್ದಷ್ಟು ಗಗನಯಾತ್ರಿಗಳನ್ನು ಕರೆಸುವುದು. ಸೂಟು ಹಾಕಿದ ಗೊಂಬೆಗಳು ತೇಲಾಡುವುದು ನೋಡಲು ಮಜಾ, ಅಲ್ವಾ? ಐದು ನಿಮಿಷದಲ್ಲಿ ಗಾಳಿ ಮುಗಿದು ಎಲ್ಲ ಕೆಂಪು. ನಮ್ಮಲ್ಲಿ ಮೊದಲ ಜಗಳ ಆದದ್ದೇ ಇದಕ್ಕೆ.

ಆಗ ನಿಜವಾದ ನಿಲ್ದಾಣದ ಕಥೆ ಹೇಳಿದೆ. ಅಂತರರಾಷ್ಟ್ರೀಯ ನಿಲ್ದಾಣದ ಮೊದಲ ಭಾಗ ಜಾರ್ಯಾ ಮೇಲೆ ಹೋದದ್ದು 1998ರ ನವೆಂಬರ್ 20ಕ್ಕೆ. ಎರಡು ವಾರದಲ್ಲಿ ಯೂನಿಟಿ ಹೋಗಿ ಜೋಡಿಯಾಯಿತು. ವಾಸಕ್ಕೆ ಬೇಕಾದ ಜ್ವೆಜ್ದಾ ಸೇರಿದ್ದು 2000ದ ಜುಲೈಯಲ್ಲಿ. ಅಲ್ಲೇ ಉಳಿಯುವ ಮೊದಲ ತಂಡ ಒಳಗೆ ಕಾಲಿಟ್ಟದ್ದು 2000ದ ನವೆಂಬರ್ 2ರಂದು. ಅಂದರೆ ಸುಮಾರು ಎರಡು ವರ್ಷ ಅಲ್ಲಿ ಬಿಡಾರ ಹೂಡಿದವರು ಯಾರೂ ಇಲ್ಲ. ಕಟ್ಟುವವರು ಬಂದು, ಜೋಡಿಸಿ, ವಾಪಸ್ ಹೋಗುತ್ತಿದ್ದರು. ನಮ್ಮಲ್ಲೂ ಹಾಗೇ ತಾನೆ? ಬಾವಿ ತೋಡದೆ, ಕರೆಂಟ್ ಕನೆಕ್ಷನ್ ಬಾರದೆ ಯಾರಾದರೂ ಗೃಹಪ್ರವೇಶ ಇಡುತ್ತಾರಾ?

ಮಗಳು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಕ್ರಮ ಬರೆದಳು. ಮೊದಲು ಕರೆಂಟು. ಆಮೇಲೆ ಬ್ಯಾಟರಿ, ಯಾಕೆಂದರೆ ನಿಲ್ದಾಣ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿ ಸುತ್ತುತ್ತದೆ. ಪ್ರತಿ ಸುತ್ತಿನಲ್ಲೂ ಸುಮಾರು ಅರ್ಧ ಗಂಟೆ ಭೂಮಿಯ ನೆರಳಿನಲ್ಲಿ ಇರುತ್ತದೆ. ಆಗ ಪ್ಯಾನೆಲ್ ಎಷ್ಟಿದ್ದರೂ ಪ್ರಯೋಜನ ಇಲ್ಲ. ಮನೆಯಲ್ಲಿ ಇನ್ವರ್ಟರ್ ನೋಡಿದ ಮಕ್ಕಳಿಗೆ ಇದು ಒಂದೇ ಸಲಕ್ಕೆ ಅರ್ಥವಾಗುತ್ತದೆ. ಮೂರನೆಯದು ರೇಡಿಯೇಟರ್, ಅಂದರೆ ಒಳಗಿನ ಬಿಸಿಯನ್ನು ಹೊರಗೆ ಬಿಡುವ ಫಲಕ. ಇದನ್ನು ದೊಡ್ಡವರೂ ಮರೆಯುತ್ತಾರೆ. ಅಲ್ಲಿ ಚಳಿ ತಾನೆ, ತಂಪು ಮಾಡುವುದು ಯಾಕೆ ಅಂತ ಕೇಳುತ್ತಾರೆ. ಹೊರಗೆ ಗಾಳಿಯೇ ಇಲ್ಲದಿದ್ದರೆ ಬಿಸಿಯನ್ನು ಹೊತ್ತುಕೊಂಡು ಹೋಗುವವರು ಯಾರು? ಥರ್ಮಸ್ ಒಳಗಿನ ಚಹಾ ಬಿಸಿಯಾಗೇ ಉಳಿಯುವುದು ಇದೇ ಕಾರಣಕ್ಕೆ. ಅದರ ಎರಡು ಗೋಡೆಗಳ ನಡುವೆ ಗಾಳಿ ಇರುವುದಿಲ್ಲ. ನಿಜವಾದ ನಿಲ್ದಾಣದಲ್ಲೂ ಯಂತ್ರಗಳ ಬಿಸಿಯನ್ನು ಅಮೋನಿಯಾ ಹರಿಯುವ ಕೊಳವೆಗಳು ಹೊರಗಿನ ದೊಡ್ಡ ರೇಡಿಯೇಟರ್‌ಗಳಿಗೆ ಸಾಗಿಸುತ್ತವೆ. ನಾಲ್ಕನೆಯದು ನೀರು, ಐದನೆಯದು ಗಾಳಿ. ಈ ಎರಡಕ್ಕೂ ನಂಟು ಉಂಟು. ಅಲ್ಲಿ ನೀರಿಗೆ ಕರೆಂಟ್ ಹಾಯಿಸಿ ಒಡೆದೇ ಆಮ್ಲಜನಕ ಮಾಡುತ್ತಾರೆ. ಕರೆಂಟ್ ಇಲ್ಲದಿದ್ದರೆ ನೀರು ಇದ್ದೂ ಉಸಿರಿಲ್ಲ. ಇಷ್ಟೆಲ್ಲ ಆದ ಮೇಲೆ ಜನ.

ಹೀಗೆ ಆಡಿದ ದಿನ ನಿಲ್ದಾಣ ಒಂದೂವರೆ ತಾಸು ನಿಂತಿತು. ಕೊನೆಗೆ ಬಿದ್ದದ್ದು ಊಟ ಮರೆತದ್ದಕ್ಕೆ.

ಡಾಕಿಂಗ್ ಬಗ್ಗೆ ಸ್ವಲ್ಪ. ಕೆಲವು ಆಟಗಳಲ್ಲಿ ಬರುವ ನೌಕೆಯನ್ನು ನಾವೇ ನಡೆಸಿ ನಿಲ್ದಾಣಕ್ಕೆ ಜೋಡಿಸಬೇಕು. ಮಗ ಬಸ್ಸು ಬಿಟ್ಟ ಹಾಗೆ ಬಿಟ್ಟು ಪ್ರತಿ ಸಲ ಡಿಕ್ಕಿ. ಅವನನ್ನು ಒಂದು ಸಂಜೆ ಮಲ್ಪೆ ಬಂದರಿಗೆ ಕರೆದುಕೊಂಡು ಹೋದೆವು. ಬೋಟು ಧಕ್ಕೆಯ ಹತ್ತಿರ ಬರುವಾಗ ಎಂಜಿನ್ ಸದ್ದು ಹೇಗೆ ಇಳಿಯುತ್ತದೆ, ಕೊನೆಯ ಹತ್ತು ಅಡಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡಿದ. ಇಸ್ರೋದ ಸ್ಪೇಡೆಕ್ಸ್ ಪ್ರಯೋಗದ ಎರಡು ನೌಕೆಗಳು 2025ರ ಜನವರಿ 16ರಂದು ಒಂದನ್ನೊಂದು ಸೇರಿದ್ದೂ ಹೀಗೆಯೇ. ಮೊದಲು 15 ಮೀಟರ್ ದೂರದಲ್ಲಿ ನಿಂತು, ಆಮೇಲೆ 3 ಮೀಟರ್‌ಗೆ ಬಂದು ಪುನಃ ನಿಂತು, ಕೊನೆಗೆ ಸೇರಿದ್ದು. ಮನೆಗೆ ಬಂದು ಮಗ ಎರಡು ಕಡೆ ನಿಲ್ಲಿಸಿ ನಿಲ್ಲಿಸಿ ಜೋಡಿಸಿದ. ಸುಮ್ನೆ "ನಿಧಾನ ಮಾಡು" ಅಂತ ನಾನು ಇಪ್ಪತ್ತು ಸಲ ಹೇಳಿದ್ದು ವ್ಯರ್ಥ.

5. ಫೋನ್ ಒಂದೇ, ಕೆಲಸ ನಾಲ್ಕು

ಒಬ್ಬರು ಆಡುವುದು, ಉಳಿದವರು ಇಣುಕುವುದು ಆದರೆ ಜಗಳ ಗ್ಯಾರಂಟಿ. ನಾವು ಕೆಲಸ ಹಂಚಿಕೊಂಡೆವು. ಮಗಳು ಕರೆಂಟಿನ ಲೆಕ್ಕ, ಮಗ ಡಾಕಿಂಗ್, ನಾನು ಹಣ, ಅತ್ತೆ ನೀರು. ಫೋನನ್ನು ಕೇಬಲ್ ಹಾಕಿ ಟಿವಿಗೆ ಜೋಡಿಸಿದರೆ ಇನ್ನೂ ಒಳ್ಳೆಯದು. ಈ ಆಟಗಳ ಅಕ್ಷರ ತೀರಾ ಸಣ್ಣ. ಹೆಚ್ಚಿನವು ಇಂಗ್ಲಿಷಿನಲ್ಲೇ ಇರುತ್ತವೆ. ಹಾಗಾಗಿ ಸಣ್ಣ ಮಕ್ಕಳಿಗೆ ಯಾರಾದರೂ ಓದಿ ಹೇಳಬೇಕು. ಏಳು ವರ್ಷಕ್ಕಿಂತ ಸಣ್ಣವರಿಗೆ ಇದು ಬೇಡ ಅಂತಲೇ ನನ್ನ ಅಭಿಪ್ರಾಯ. ಅವರಿಗೆ ಲೆಕ್ಕ ಸಿಗುವುದಿಲ್ಲ, ಬಣ್ಣದ ಬಟನ್ ಮಾತ್ರ ಸಿಗುತ್ತದೆ.

ಅತ್ತೆಯನ್ನು ಸೇರಿಸಿದ್ದು ತಮಾಷೆಗೆ. ಅವರೇ ಎಲ್ಲರಿಗಿಂತ ಬಿಗಿ ಆದರು. ನೀರಿನ ಮೀಟರ್ ಅರ್ಧಕ್ಕೆ ಇಳಿದರೆ ಸಾಕು, "ಹೊಸಬರನ್ನು ಕರೆಯುವುದು ಬೇಡ, ಇದ್ದವರಿಗೇ ನೀರಿಲ್ಲ" ಅಂತ ತಡೆಯುತ್ತಿದ್ದರು. ಮೇ ತಿಂಗಳಲ್ಲಿ ಬಾವಿಯ ತಳ ಕಂಡವರು ಅವರು. ನಿಜವಾದ ನಿಲ್ದಾಣದಲ್ಲಿ ಒಮ್ಮೆ ಬಳಸಿದ ನೀರಿನಲ್ಲಿ ನೂರಕ್ಕೆ 98 ಭಾಗ ಪುನಃ ಸಿಗುತ್ತದೆ ಅಂತ ಮಗಳು ಓದಿ ಹೇಳಿದಳು.

"ನಮ್ಮಲ್ಲಿಯೂ ಮೊದಲು ಹಾಗೇ. ಮಿಂದ ನೀರು ಬಾಳೆಗಿಡಕ್ಕೆ ಹೋಗುತ್ತಿತ್ತು" ಅಂದರು ಅತ್ತೆ.

"ಇಲ್ಲ ಅಜ್ಜಿ. ಬೆವರು, ಉಸಿರಿನ ತೇವ, ಮೂತ್ರ ಎಲ್ಲ ಶುದ್ಧ ಮಾಡಿ ಪುನಃ ಅವರೇ ಕುಡಿಯುವುದು."

ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅದು ನೀರಿನ ಮೇಲೆ ಬರೆದು ಹಾಕು. ಓದಿದರೆ ಯಾರೂ ಜಾಸ್ತಿ ಕುಡಿಯುವುದಿಲ್ಲ."

6. ನಿಲ್ಲಿಸುವುದು

ಇದಕ್ಕೆ ಹೆಚ್ಚು ಹೇಳಲಿಕ್ಕಿಲ್ಲ. ನಿಲ್ದಾಣದ ಒಂದು ಸುತ್ತು 90 ನಿಮಿಷ. ನಮ್ಮ ಮನೆಯ ಲೆಕ್ಕ ಅರ್ಧ ಸುತ್ತು. 45 ನಿಮಿಷಕ್ಕೆ ಅಲಾರಂ ಇಡುತ್ತೇವೆ. ಬಡಿದಾಗ ಕೈಯಲ್ಲಿದ್ದ ಮಾಡ್ಯೂಲ್ ಜೋಡಿಸಿ, ಸೇವ್ ಮಾಡಿ, ಬಂದ್. ನಡುವಿನಲ್ಲಿ ಕಸಿದುಕೊಂಡರೆ ಮಾತ್ರ ರಂಪ. ಆಟದ ನೋಟಿಫಿಕೇಶನ್ ಮೊದಲ ದಿನವೇ ಆಫ್ ಮಾಡಿಡಿ. "ನಿಮ್ಮ ಸಿಬ್ಬಂದಿ ಕಾಯುತ್ತಿದ್ದಾರೆ" ಅಂತ ರಾತ್ರಿ ಹತ್ತಕ್ಕೆ ಮೆಸೇಜ್ ಬರುವುದು ಯಾರಿಗೆ ಬೇಕು?

7. ಫೋನಿನ ಹೊರಗೆ

ಆಟದಲ್ಲಿ ತೋಟದ ಮಾಡ್ಯೂಲ್ ಬಂದ ದಿನ ಒಂದು ಮುಷ್ಟಿ ಹೆಸರುಕಾಳು, ಸ್ವಲ್ಪ ಮೆಂತ್ಯ ನೆನೆಹಾಕಿ. ಶುಕ್ಲಾ ಅವರು ನಿಲ್ದಾಣದಲ್ಲಿ ಮೊಳಕೆ ಬರಿಸಿದ್ದೂ ಇವೇ ಎರಡನ್ನು. ಆ ಪ್ರಯೋಗ ತಯಾರಾದದ್ದು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯಲ್ಲಿ. ಒಂದು ಬಟ್ಟಲನ್ನು ಕಿಟಕಿಯ ಹತ್ತಿರ, ಇನ್ನೊಂದನ್ನು ಕಪಾಟಿನ ಕತ್ತಲೆಯಲ್ಲಿ ಇಡಿ. ಮೊಳಕೆ ಯಾವ ಕಡೆ ಬಾಗುತ್ತದೆ ಅಂತ ಮಕ್ಕಳೇ ನೋಡಲಿ. ಮೂರನೇ ದಿನ ಒಗ್ಗರಣೆ ಹಾಕಿ ತಿನ್ನಿ.

ಮಂಗಳೂರಿನ ಕಡೆ ಹೋದರೆ ಪಿಲಿಕುಳದಲ್ಲಿ 2018ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯ ಉಂಟು. ತ್ರೀಡಿಯಲ್ಲಿ ತೋರಿಸುತ್ತಾರೆ. ಅಲ್ಲೇ ವಿಜ್ಞಾನ ಕೇಂದ್ರವೂ ಇದೆ. ಉಡುಪಿಯವರಿಗೆ ಇನ್ನೂ ಹತ್ತಿರದ ದಾರಿ ಅದಮಾರಿನದು. ಇಸ್ರೋ ಅಧ್ಯಕ್ಷರಾಗಿದ್ದ ಯು.ಆರ್. ರಾವ್ 1932ರಲ್ಲಿ ಹುಟ್ಟಿದ ಊರು. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹ ಕಟ್ಟಿದ ತಂಡದ ಮುಂದಾಳು ಅವರೇ. ಭಾರತದ ಸ್ವಂತ ನಿಲ್ದಾಣದ ಮೊದಲ ಮಾಡ್ಯೂಲನ್ನು 2028ರಲ್ಲಿ ಕಳಿಸಬೇಕು, 2035ಕ್ಕೆ ಪೂರ್ತಿ ಮಾಡಬೇಕು ಅಂತ ಇಸ್ರೋ ಯೋಜನೆ. ಮಗಳು ಲೆಕ್ಕ ಹಾಕಿದಳು: ಆಗ ಅವಳಿಗೆ ಇಪ್ಪತ್ತೆರಡು.

ನಿಜವಾದ ನಿಲ್ದಾಣವನ್ನು ಬರಿಗಣ್ಣಿನಲ್ಲೇ ನೋಡಬಹುದು, ದೂರದರ್ಶಕ ಬೇಡ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಅದು ಹೋಗುವಾಗ ನಮ್ಮಲ್ಲಿ ಕತ್ತಲಾಗಿರಬೇಕು, ಅದರ ಮೇಲೆ ಮಾತ್ರ ಬಿಸಿಲು ಬೀಳುತ್ತಿರಬೇಕು. ಅಂದರೆ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ, ಇಲ್ಲವೇ ಮೂಡುವ ಮೊದಲು. ನಾಸಾದ ಸ್ಪಾಟ್ ದ ಸ್ಟೇಷನ್ ಆ್ಯಪಿನಲ್ಲಿ ನಿಮ್ಮ ಊರು ಹಾಕಿದರೆ ದಿನ, ಗಂಟೆ, ದಿಕ್ಕು ಎಲ್ಲ ಬರುತ್ತದೆ. ಮಳೆಗಾಲದಲ್ಲಿ ಮೋಡ ಬಿಡುವುದಿಲ್ಲ. ನವೆಂಬರಿನಿಂದ ಪ್ರಯತ್ನಿಸಿ. ಮಲ್ಪೆಯಲ್ಲಿ ಅಂಗಡಿಗಳ ಬೆಳಕು ಜಾಸ್ತಿ, ಸ್ವಲ್ಪ ದೂರ ನಡೆದು ನಿಲ್ಲಿ. ಹೇಳಿದ ಸಮಯಕ್ಕೆ ಐದು ನಿಮಿಷ ಮೊದಲೇ ದಿಕ್ಕು ಗುರುತು ಮಾಡಿಟ್ಟುಕೊಳ್ಳಿ, ಯಾಕೆಂದರೆ ಕಾಣುವುದು ಹೆಚ್ಚೆಂದರೆ ಆರು ನಿಮಿಷ. ನಾವು ಮೊದಲ ಸಲ ಹೋದಾಗ ಮಗ "ಬಂತು, ಬಂತು" ಅಂತ ಕೂಗಿ ಎಲ್ಲರನ್ನೂ ಒಂದೇ ಕಡೆ ತಿರುಗಿಸಿಟ್ಟ. ನಿಲ್ದಾಣ ನಮ್ಮ ಬೆನ್ನ ಹಿಂದೆ ದಾಟಿ ಹೋಯಿತು. ಮಿಣುಕದೆ ಒಂದೇ ಸಮನೆ ಬೆಳಗುತ್ತಾ ಹೋದರೆ ಅದು ನಿಲ್ದಾಣ. ಮಿಣುಕಿದರೆ ಬಜಪೆಗೆ ಇಳಿಯುವ ವಿಮಾನ.